ಎಂಟು ತಿಂಗಳು ಮುನಿದು ಒಂದೇ ಒದೆತಕ್ಕೆ ಒಲಿದ ಕೆಂಪು ಬಂಡಿಗೆ

ಇಟಲಿ ದೇಶದಲ್ಲಿ ಜನಿಸಿ, ಹನ್ನೊಂದು ವರ್ಷ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ದರ್ಬಾರು ನಡೆಸಿ, ಸದ್ಯ ಹಲ್ಲಿನ ಡಾಕ್ಟರ ಶೆಡ್ಡಿಗೆ ಬಿಜಯಂಗೈದಿರುವ, ಒಂಟಿ ಸಿಲಿಂಡರಿನ, ಆರು ವೋಲ್ಟಿನ, ಐವತ್ತೆಂಟು ವರ್ಷ ಪ್ರಾಯದ, ಕೆಂಪು ಮೈಬಣ್ಣದ ಶ್ರೀ ಮೋಟಾರ್ ಸೈಕಲ್ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಎರಡು ಚಕ್ರಗಳಿಗೂ, ಒಂದು ದೀಪಕ್ಕೂ, ಎಡಕ್ಕೆ ತಿರುಗಿದಾಗ ಮಾತ್ರ ಕೂಗುವ ಹಾರನ್ನಿಗೂ ನನ್ನ ಅನಂತ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ಅಲ್ಲಿ ತಾವೂ ಕ್ಷೇಮವಾಗಿದ್ದೀರಿ ಎಂಬುದೇ ನನ್ನ ದೂರು. ಈ ದೂರನ್ನು ಖಾಸಗಿಯಾಗಿ ತಮ್ಮ ಕಾರ್ಬುರೇಟರಿನ ಬಳಿ ಬಗ್ಗಿ ಬಗ್ಗಿ ಹೇಳಿ ನನ್ನ ಸೊಂಟ ಹಿಡಿದದ್ದಾಯಿತು; ಆದ್ದರಿಂದ ಈಗ ಬಹಿರಂಗವಾಗಿ, ಪರದೆ ಸರಿಸಿ, ದೀಪ ಬೆಳಗಿಸಿ, ಕೊನೆಯ ಸಾಲಿನಲ್ಲಿ ಕೂತವರಿಗೂ ಕೇಳಿಸುವ ಹಾಗೆ ಹೇಳುತ್ತಿದ್ದೇನೆ.

ಮುಚ್ಚಿಹೋದ ಕಾರ್ಖಾನೆಯೊಂದರ ಗೋದಾಮಿನಲ್ಲಿ, ಗೋಣಿಚೀಲಗಳ ರಾಶಿಯ ಕೆಳಗೆ, ಅಜ್ಞಾತವಾಸದಲ್ಲಿದ್ದ ರಾಜಕುಮಾರನಂತೆ ಮಲಗಿದ್ದ ತಮ್ಮನ್ನು ಎತ್ತಿ ತಂದವನು ನಾನು. ತಮ್ಮ ಬಿಡಿಭಾಗಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿ, ಆರು ತಿಂಗಳು ನೆಲದ ಮೇಲೆ ಕುಳಿತು ಉಂಡವರು ನನ್ನ ಸಂಸಾರದವರು. ಮುಂದಿನ ಕೋಣೆ ತಮಗೆ ಬೇಕಾಯಿತೆಂದು, ಹೊಲಿಗೆ ಕೆಲಸದವಳಾದ ನನ್ನ ಹೆಂಡತಿ ತನ್ನ ಮಿಷನ್ನನ್ನು ಅಡುಗೆಮನೆಯ ಮೂಲೆಗೆ, ಒಲೆಯ ಪಕ್ಕಕ್ಕೆ ತಳ್ಳಿಕೊಂಡು ಹೋದಳು. ಅವಳು ಹೊಲಿದ ರವಿಕೆಗಳೆಲ್ಲ ಒಗ್ಗರಣೆಯ ವಾಸನೆ ಬೀರುತ್ತವೆಂದು ಗಿರಾಕಿಗಳು ಆಡಿಕೊಂಡರೂ ಬಾಯಲ್ಲಿ ಸೂಜಿ ಕಚ್ಚಿಕೊಂಡು ಸುಮ್ಮನಿದ್ದಳು. ತಾವು ಎಣ್ಣೆ ತೊಟ್ಟಿಕ್ಕುತ್ತೀರೆಂದು ನಾನು ಕೆಳಗೊಂದು ತಟ್ಟೆ ಇಟ್ಟೆ. ತಾವು ತಟ್ಟೆಯಿಂದ ನಾಲ್ಕು ಬೆರಳು ಆಚೆ ತೊಟ್ಟಿಕ್ಕಿದಿರಿ. ತಟ್ಟೆ ಸರಿಸಿದೆ. ತಾವೂ ಸರಿದಿರಿ. ಇಷ್ಟು ಸೂಕ್ಷ್ಮವಾಗಿ ಗುರಿ ತಪ್ಪಿಸುವ ಕಲೆ ಅನ್ಯ ದೇಶಗಳ ಯಂತ್ರಗಳಿಗೆ ಒಲಿದಿಲ್ಲವೆಂದು ಅಂದು ನಾನು ಬಂದವರ ಮುಂದೆಲ್ಲ ಹೆಮ್ಮೆಪಟ್ಟೆ.

ಆಮೇಲೆ ಬಂದ ಎಂಟು ತಿಂಗಳನ್ನು ತಾವು ಮರೆತಿರಲಾರಿರಿ. ಒಂದು ಬೆಳಿಗ್ಗೆ, ಕಾರಣ ಹೇಳದೆ, ಮೌನವ್ರತ ಹಿಡಿದಿರಿ. ನಾನು ಒದ್ದೆ, ಕ್ಷಮಿಸಿ, ಕಿಕ್ಕರಿನ ಮೇಲೆ ಸವಿನಯವಾಗಿ ಪಾದವಿಟ್ಟೆ. ಮೂರು ಜೊತೆ ಚಪ್ಪಲಿ ಹರಿದವು, ಒಂದು ಹಿಮ್ಮಡಿ ಊದಿತು. ನಮ್ಮ ಗ್ಯಾರೇಜಿನ ಮೇಸ್ತ್ರಿ ಬಂದು, ಸ್ಕ್ರೂಡ್ರೈವರಿನ ತುದಿಯನ್ನು ತಮ್ಮ ಎದೆಗೂ ಹಿಡಿಯನ್ನು ತನ್ನ ಕಿವಿಗೂ ಇಟ್ಟುಕೊಂಡು ಕೇಳಿ, "ಅಣ್ಣಾ, ಕಿಡಿ ಹೊತ್ತಿಸೋ ಪಾಯಿಂಟು ಕರಿ ಕಟ್ಟಿದೆ ಅಷ್ಟೆ. ಚೂರು ಎಮರಿ ಪೇಪರ್ ತಗೊಂಡು ನಾಲ್ಕು ಸಲ ಉಜ್ಜಿ, ಎದ್ದು ಕೂರತ್ತೆ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಇಟಲಿಯ ಮೂಲ ಪಾಯಿಂಟಿಗೆ ತುಕ್ಕು ಹಿಡಿದ ಗೇಟು ಉಜ್ಜುವ ಕಾಗದವೇ? ಸೂರ್ಯಚಂದ್ರರಿರುವ ತನಕ ಅದು ಆಗಕೂಡದೆಂದು ಗರ್ಜಿಸಿ, ಹೊಸ ಮೂಲ ಪಾಯಿಂಟಿಗಾಗಿ ಇಟಲಿಯ ಹಳೆ ಸಾಮಾನಿನ ಸಂಗ್ರಾಹಕರೊಬ್ಬರಿಗೆ ಪತ್ರ ಬರೆದೆ. ಹುಡುಕುತ್ತಿದ್ದೇನೆ ಎಂದು ಅವರು ಉತ್ತರಿಸಿದರು. ಈಗಲೂ ಹುಡುಕುತ್ತಿದ್ದಾರೆ. ಮೇಸ್ತ್ರಿಯೊಡನೆ ಆ ಸಂವಾದ ನಡೆಯುವಾಗ ನನ್ನ ಹೆಂಡತಿ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದಳೆಂಬುದನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು, ನಾನು ಇಡಲಿಲ್ಲ.

ಅಷ್ಟರಲ್ಲಿ ತಮ್ಮ ಎಣ್ಣೆ ತನ್ನ ಜೀವಮಾನದ ಶ್ರೇಷ್ಠ ಹನಿಯನ್ನು ಉದುರಿಸಿತು. ಹಲ್ಲಿನ ಡಾಕ್ಟರು ತೋಳು ಚಿಕ್ಕದು ಮಾಡಲು ಕೊಟ್ಟಿದ್ದ ಬಿಳಿ ಕೋಟು ತಮ್ಮ ಪಕ್ಕದಲ್ಲಿ ಒಂದೇ ಒಂದು ಗಳಿಗೆ ನೇತಾಡಿತ್ತು. ಬೆನ್ನ ತುಂಬ ಕಪ್ಪು! ನನ್ನ ಹೆಂಡತಿ ಬಾಯಿಂದ ಸೂಜಿ ತೆಗೆದಳು. "ರೀ, ಈ ಕೋಣೇಲಿ ಒಂದೋ ನನ್ನ ಮಿಷನ್ನು ಇರ್ಲಿ, ಇಲ್ಲಾ ಇದಿರ್ಲಿ. ನನ್ದು ತುಳಿದ್ರೆ ಓಡತ್ತೆ" ಎಂದಳು. ಹನ್ನೊಂದು ವರ್ಷದಲ್ಲಿ ಅವಳು ತಮ್ಮ ಬಗ್ಗೆ ಆಡಿದ ಮೊದಲ ಮಾತು ಅದು.

ಕೋಟಿನ ಜಗಳಕ್ಕೆಂದು ಕಣ್ಣು ಕೆಂಪಗೆ ಮಾಡಿಕೊಂಡು ಬಂದ ಡಾಕ್ಟರು ಹೊಸ್ತಿಲಲ್ಲೇ ನಿಂತುಬಿಟ್ಟರು. ಮಂಡಿ ಊರಲೆಂದೇ ಒಳಸರಿದ ತಮ್ಮ ಟ್ಯಾಂಕನ್ನು, ಬೀಡುಕಬ್ಬಿಣದ ದಪ್ಪ ಬಂಡಿಗಳವರಿಗೆ ಅರ್ಥವಾಗದ ಆ ಸೊಂಟವನ್ನು ನೋಡಿದರು. ಕೋಟು ಮರೆತರು. ಕೊಡ್ತೀರಾ ಎಂದರು. ಆಗ ನಾನು, ಹೆಂಡತಿಯ ಎದುರು, ಮೇಸ್ತ್ರಿಯ ಎದುರು, ಬಲಗೈ ಮೇಲೆತ್ತಿ, ಗೋಡೆಗಳು ನಡುಗುವಂತೆ ಸಾರಿದೆ: "ಬರುವ ಭಾನುವಾರ ಒಂದೇ ಒದೆತಕ್ಕೆ ಇದು ಎದ್ದರೆ, ಬಂಡಿ ನಿಮ್ಮದು!" ಮಾನ್ಯರೇ, ಆ ಪ್ರತಿಜ್ಞೆಯ ಹಿಂದೆ ಇದ್ದದ್ದು ತಮ್ಮ ಮೇಲಿನ ಅಚಲ ನಂಬಿಕೆ. ಎಂಟು ತಿಂಗಳಲ್ಲಿ ಸಾವಿರ ಒದೆತಕ್ಕೆ ಜಗ್ಗದವರು ಒಂದಕ್ಕೆ ಜಗ್ಗುವಿರೇ? ಹೆಂಡತಿಯ ಮಾತೂ ಉಳಿಯಿತು, ತಾವೂ ಉಳಿದಿರಿ ಎಂದುಕೊಂಡು ಆ ವಾರವೆಲ್ಲ ನಾನು ಸುಖವಾಗಿ ನಿದ್ರಿಸಿದೆ.

ಭಾನುವಾರ ಬಂತು. ಡಾಕ್ಟರು ಬಂದರು. ಬಾಯಿ ತೆರೆಯಿರಿ ಎಂದು ರೋಗಿಗೆ ಹೇಳುವಷ್ಟು ಮೃದುವಾಗಿ ಕಿಕ್ಕರಿನ ಮೇಲೆ ಕಾಲಿಟ್ಟರು. ಒಂದು ಸಲ ತುಳಿದರು.

ಢಬ್! ಢಬ್! ಢಬ್! ಢಬ್!

ಅಯ್ಯಾ ವಿಶ್ವಾಸಘಾತುಕರೇ! ನಂಬಿಕೆಗೆ ಅರ್ಹರಲ್ಲ ಎಂಬ ಒಂದೇ ಗುಣದಲ್ಲಿ ನಾನು ತಮ್ಮನ್ನು ನಂಬಿದ್ದೆ, ಅದರಲ್ಲೂ ಕೈಕೊಟ್ಟಿರಲ್ಲ! ಗಡಿಯಾರಕ್ಕಿಂತ ಕ್ರಮವಾಗಿ ಬಡಿದುಕೊಳ್ಳುತ್ತಿದ್ದ ಆ ಎದೆಯನ್ನು ಕೇಳುತ್ತ, ಮೇಸ್ತ್ರಿ ಚಾವಣಿ ನೋಡಿದ, ನನ್ನ ಹೆಂಡತಿ ನೆಲ ನೋಡಿದಳು, ನಾನು ರಾಜ್ಯ ಕಳೆದುಕೊಂಡ ರಾಜನ ಹಾಗೆ ನಿಂತಿದ್ದೆ. ಆ ದುಃಖದಲ್ಲಿ ತಮಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಎಂಬ ಸಣ್ಣ ಸಂಗತಿಯನ್ನು ಡಾಕ್ಟರಿಗೆ ತಿಳಿಸುವಷ್ಟರಲ್ಲಿ ಅವರು ಹೊರಟೇಬಿಟ್ಟಿದ್ದರು. ರಸ್ತೆಯ ತುದಿಯಲ್ಲಿ ನಿಲ್ಲಿಸಲೆಂದು ಬಲಗಾಲು ಒತ್ತಿದರು. ಇನ್ನೊಂದು ಗೇರು ಬಿತ್ತು. ತಾವು ಉತ್ಸಾಹದಿಂದ ಲಾಂಡ್ರಿಯವರ ಒಣಹಗ್ಗಗಳನ್ನು ಭೇದಿಸಿ ಒಳಹೊಕ್ಕಿರಿ. ನಾವು ಓಡಿ ಹೋದಾಗ ಡಾಕ್ಟರು ಬಿಳಿ ಹಾಸಿಗೆ ಹೊದಿಕೆ ಸುತ್ತಿಕೊಂಡು ನೆಲದ ಮೇಲೆ ಕುಳಿತಿದ್ದರು. "ರೀ ಸ್ವಾಮಿ, ಇಸ್ತ್ರಿ ಆಗಿದ್ದು ಅದು!" ಎಂದು ಲಾಂಡ್ರಿಯವರು ಕೂಗುತ್ತಿದ್ದರು. ಒಂದು ಗೀರೂ ಬೀಳದ ತಾವು ಗೋಡೆಗೊರಗಿ ಇನ್ನೂ ಢಬ್ ಢಬ್ ಎನ್ನುತ್ತಿದ್ದಿರಿ. ನನ್ನಲ್ಲಿ ಆಸೆ ಚಿಗುರಿತು. ಡಾಕ್ಟರು ಹೊದಿಕೆಯಿಂದ ಮುಖ ಹೊರಗೆ ಹಾಕಿ, "ಸಾರ್, ಇನ್ನೊಂದ್ ಸಲ ಓಡಿಸ್ಲಾ?" ಎಂದರು. ಆ ಮುಖವನ್ನು ನಾನು ಬಲ್ಲೆ. ಗೋಣಿಚೀಲ ಸರಿಸಿದ ದಿನ ನನಗಿದ್ದ ಮುಖ ಅದೇ.

ಈಗ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಕಿಟಕಿಯ ಬೆಳಕಿನಲ್ಲಿ ಕುಳಿತಿದೆ. ಗಿರಾಕಿಗಳು ಹೆಚ್ಚಿದ್ದಾರೆ, ನನ್ನ ಹೆಂಡತಿ ಗುನುಗುತ್ತ ಹೊಲಿಯುತ್ತಾಳೆ, ಅದನ್ನು ಕೇಳಿ ನನಗೂ ಸಂತೋಷವಾಗುತ್ತದೆ ಎಂಬುದನ್ನು ತಮ್ಮ ಹೊಟ್ಟೆಯುರಿಸಲೆಂದೇ ಬರೆಯುತ್ತಿದ್ದೇನೆ. ಎಣ್ಣೆಯ ತಟ್ಟೆ ಮಾತ್ರ ಅಲ್ಲೇ ಇದೆ. ತೆಗೆದಿಡಲು ನನಗೆ ಕೈ ಬರುತ್ತಿಲ್ಲ. ತೆಗಿ ಎಂದು ಅವಳೂ ಹೇಳಿಲ್ಲ.

ಆದರೂ ಒಂದು ಉಪಕಾರಕ್ಕೆ ನಾನು ಕೃತಜ್ಞ. ಭಾನುವಾರಕ್ಕೊಮ್ಮೆ ಮಾತ್ರ ತಮ್ಮನ್ನು ಹೊರಡಿಸುವ ಡಾಕ್ಟರು ನಮ್ಮ ರಸ್ತೆಗೇ ಬರುತ್ತಾರೆ, ಮತ್ತು ಕಳೆದ ಐದು ಭಾನುವಾರವೂ ತಾವು ತಪ್ಪದೆ ನಮ್ಮ ಗೇಟಿನ ಮುಂದೆ ಉಸಿರು ಬಿಟ್ಟು ನಿಂತಿದ್ದೀರಿ. ನಾನು ಅವಸರವಿಲ್ಲದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪ್ರವೇಶಿಸುತ್ತೇನೆ. ಟ್ಯಾಂಕಿನ ಮುಚ್ಚಳ ತೆರೆದು, ಒಳಗೆ ದೀರ್ಘವಾಗಿ ನೋಡಿ, ನಿಟ್ಟುಸಿರಿಟ್ಟು, ಮುಚ್ಚುತ್ತೇನೆ. ತುಳಿದರೆ ತಾವು ಏಳುತ್ತೀರಿ. "ಅದೇನ್ ಮಾಡಿದ್ರಿ ಸಾರ್?" ಎಂದು ಡಾಕ್ಟರು ಕೇಳಿದಾಗ, "ಕೈಗುಣ, ಡಾಕ್ಟ್ರೇ" ಎನ್ನುತ್ತೇನೆ. ಬಳಿಕ ಪರೀಕ್ಷೆಯ ನೆಪದಲ್ಲಿ ತಮ್ಮನ್ನೇರಿ ಎರಡು ಬೀದಿ ಸುತ್ತಿ ಬರುತ್ತೇನೆ. ವಾರದ ಉಳಿದ ಆರು ದಿನಗಳನ್ನು ನಾನು ಆ ಎರಡು ಬೀದಿಗಳ ಬಲದಿಂದಲೇ ದಾಟುವುದು.

ಆದುದರಿಂದ ಮಾನ್ಯರು ಇನ್ನು ಮುಂದೆಯೂ ಕೆಡುವುದಾದರೆ ನಮ್ಮ ಗೇಟಿನ ಹತ್ತು ಹೆಜ್ಜೆಯೊಳಗೇ ಕೆಡಬೇಕೆಂದೂ, ಶೆಡ್ಡಿನಲ್ಲಿ ಡಾಕ್ಟರು ಇಡುವ ತಟ್ಟೆಯೊಳಗೆ ಯಾವ ಕಾರಣಕ್ಕೂ ಎಣ್ಣೆ ಬೀಳಿಸಕೂಡದೆಂದೂ, ಡಾಕ್ಟರ ಕಾಲಿಗೆ ಒಲಿದದ್ದಕ್ಕಾಗಿ ಎಂಜಿನ್ನು ಮುಟ್ಟಿಕೊಂಡು ಒಮ್ಮೆಯಾದರೂ ನಾಚಬೇಕೆಂದೂ ಸವಿನಯವಾಗಿ ಪ್ರಾರ್ಥಿಸುತ್ತೇನೆ.

ಮೂರು ಜೊತೆ ಚಪ್ಪಲಿ ಸವೆಸಿದ,
ತಮ್ಮ ವಿಶ್ವಾಸಿ,
ಮಾಜಿ ಮಾಲೀಕ

ತಾ.ಕ.: ಪತ್ರವನ್ನು ಗಟ್ಟಿಯಾಗಿ ಓದಿ ನೋಡುತ್ತಿದ್ದೆ, ನನ್ನ ಧ್ವನಿ ಗೊತ್ತಲ್ಲ, ಮುಂದಿನ ಕೋಣೆಗೂ ಕೇಳಿಸಿತು. ಹೊಲಿಗೆ ನಿಂತಿತು. "ಪಾಪ, ಅದನ್ಯಾಕ್ರೀ ಬೈತೀರಾ? ಆ ಭಾನುವಾರ ಬೆಳಿಗ್ಗೆ ಪಾಯಿಂಟು ಉಜ್ಜಿದ್ದು ನಾನು. ನಾಲ್ಕೇ ಸಲ" ಎಂದಳು. ಹಾಗಾಗಿ ತಮ್ಮ ಮೇಲಿನ ವಿಶ್ವಾಸಘಾತದ ಆರೋಪವನ್ನು ಬೇಷರತ್ತಾಗಿ ಹಿಂಪಡೆದಿದ್ದೇನೆ. ಆದರೆ ಅವಳ ಮಾತು ಮುಗಿದಿರಲಿಲ್ಲ. ತಮ್ಮ ಟ್ಯಾಂಕಿನ ಮುಚ್ಚಳದ ಗಾಳಿತೂತು ಕಟ್ಟಿಕೊಂಡಿರುವುದರಿಂದಲೇ ಹತ್ತು ನಿಮಿಷಕ್ಕೊಮ್ಮೆ ಪೆಟ್ರೋಲು ಇಳಿಯದೆ ತಾವು ನಿಲ್ಲುತ್ತೀರೆಂದೂ, ಮುಚ್ಚಳ ತೆರೆದೊಡನೆ ಗಾಳಿ ಹೊಕ್ಕು ಮತ್ತೆ ಏಳುತ್ತೀರೆಂದೂ, ಡಾಕ್ಟರ ಶೆಡ್ಡಿನಿಂದ ನಮ್ಮ ಗೇಟಿಗೆ ಸರಿಯಾಗಿ ಹತ್ತು ನಿಮಿಷವೆಂದೂ ಅವಳಿಗೂ ಗೊತ್ತಂತೆ. ಅತಿ ಸಣ್ಣದೊಂದು ಸೂಜಿಯನ್ನು ಬೆಳಕಿಗೆ ಹಿಡಿದು, "ಭಾನುವಾರ ನೀವೇ ಚುಚ್ತೀರೋ, ನಾನೇ ಚುಚ್ಲೋ?" ಎಂದು ಕೇಳಿದ್ದಾಳೆ. ಇಂದು ಗುರುವಾರ. ದಯವಿಟ್ಟು ಶನಿವಾರ ಸಂಜೆಯೊಳಗೆ ತಾವು ಸೂಜಿಗೂ ಎಮರಿ ಪೇಪರಿಗೂ ಬಗ್ಗದ, ನನ್ನ ಹೆಂಡತಿಗೆ ಗೊತ್ತಾಗದ ಬೇರೊಂದು ಕಾಯಿಲೆಯನ್ನು ಹುಡುಕಿಕೊಳ್ಳತಕ್ಕದ್ದು.