ಹದ ಮಾಡಿದ ನೀರು

ಪಕ್ಕದ ಬೀದಿಯ ಇಬ್ಬರು ಮಕ್ಕಳಿಗೆ ಕಾಮಾಲೆ ಬಂತು. ಅದರ ಹಳದಿ ತಗುಲಿದ್ದು ಉಳವಿಯ ಪರಮಶಿವಪ್ಪನವರ ದಸರಾ ರಜೆಗೆ. (ರಜೆ ಮೊಮ್ಮಗಳು ಶರಣ್ಯಳದು, ನಿಜ. ಆದರೆ ಅದಕ್ಕಾಗಿ ವರ್ಷವಿಡೀ ಬಾಯಿಬಿಟ್ಟು ಕಾಯುವವರು ಇವರು.)

ಮಳೆಗಾಲದಲ್ಲಿ ಪೈಪು ಒಡೆದು ಚರಂಡಿ ನೀರು ನಲ್ಲಿಯೊಳಗೆ ಸೇರಿತ್ತು. ಮಕ್ಕಳು ಹುಷಾರಾದರು, ಪೈಪೂ ರಿಪೇರಿಯಾಯಿತು. ಶಿಕಾರಿಪುರದಲ್ಲಿದ್ದ ಮಗಳು ಸುಮಾಳ ಮನಸ್ಸು ಮಾತ್ರ ರಿಪೇರಿಯಾಗಲಿಲ್ಲ.

"ಶರಣ್ಯಂಗೆ ಕಾಮಾಲೆ ಲಸಿಕೆ ಇನ್ನೂ ಹಾಕ್ಸಿಲ್ಲ ಅಪ್ಪಾಜಿ. ಈ ಸಲ ಬ್ಯಾಡ," ಎಂದಳು ಫೋನಿನಲ್ಲಿ.

"ಕುದಿಸಿದ ನೀರಲ್ದೆ ಬ್ಯಾರೆ ನೀರು ಕುಡಿಸಿದ್ರೆ ನಾನು ಪರಮಶಿವಪ್ಪನೇ ಅಲ್ಲ!"

ಈ ಭೀಷಣ ಪ್ರತಿಜ್ಞೆಗೆ ಮಗಳು ಕರಗಿದಳು, ಶರಣ್ಯ ಬಂದಳು, ಮನೆಯಲ್ಲಿ ಜಲಶುದ್ಧಿ ಮಹಾಯಜ್ಞ ಶುರುವಾಯಿತು. ಅಜ್ಜನೇ ಒಲೆ ಹಚ್ಚುವವರು. ಅಜ್ಜನೇ ಸೋಪು ಹಿಡಿದು ಪಾಯಿಖಾನೆಯ ಬಾಗಿಲಿಗೆ ದ್ವಾರಪಾಲಕರು. ಬಸ್ ಸ್ಟ್ಯಾಂಡಿನ ಹೆಚ್ಚಿದ ಹಣ್ಣಿಗೆ ಬಹಿಷ್ಕಾರ.

"ಮದ್ವೆ ಆದಾಗಿಂದ ನಂಗೊಂದು ಲೋಟ ಕಾಫಿ ಕಾಸಿ ಕೊಟ್ಟೋರಲ್ಲ," ಎಂದರು ಹೆಂಡತಿ ಮಹಾದೇವಮ್ಮ. "ಈಗ ನೋಡ್ರಿ, ಒಲೆ ಮುಂದಿಂದ ಏಳೋದೇ ಇಲ್ಲ!"

ಭಾನುವಾರ ಸುಮಾ ಹೇಳದೆ ಕೇಳದೆ ಬಂದಿಳಿದಳು. ನೀರಿನ ವ್ಯವಸ್ಥೆ ನೋಡಿ ಅವಳಿಗೆ ತೃಪ್ತಿಯಾದರೆ ಮಗು ಉಳಿಯುತ್ತದೆ. ಇಲ್ಲವಾದರೆ ಸಂಜೆಯ ಬಸ್ಸಿಗೇ ವಾಪಸ್. ಪರಮಶಿವಪ್ಪನವರು ಎದೆಯುಬ್ಬಿಸಿ ಪಾತ್ರೆಯ ಮುಚ್ಚಳ ತೆಗೆದರು. "ನೋಡವ್ವ, ಕೊತಕೊತ ಕುದ್ದೈತೆ!"

ಅಷ್ಟರಲ್ಲಿ ಶರಣ್ಯ ಓಡಿಬಂದಳು. "ಅಜ್ಜಾ, ನೀರು!"

ಅಜ್ಜ ಲೋಟಕ್ಕೆ ಅರ್ಧ ಬಿಸಿನೀರು ಬಗ್ಗಿಸಿದರು. ಉಳಿದರ್ಧಕ್ಕೆ ಲೋಟವನ್ನು ಸೀದಾ ನಲ್ಲಿಯ ಕೆಳಗೆ ಹಿಡಿದರು.

"ಅಪ್ಪಾಜಿ! ಏನ್ ಮಾಡ್ತಿದೀರಿ?"

"ಹದ ಮಾಡ್ತಿದೀನಿ. ಕೂಸಿನ ನಾಲ್ಗೆ ಸುಡಲ್ವೇನೇ?"

"ದಿನಾ ಹಿಂಗೇನಾ?"

"ಮತ್ತೆ? ನಿಂಗೆ ಸ್ನಾನಕ್ಕೂ ಹಿಂಗೇ ಹದ ಮಾಡಿ ಕೊಡ್ತಿದ್ದೆ."

"ಅದು ಮೈಗೆ ಅಪ್ಪಾಜಿ, ಇದು ಹೊಟ್ಟೆಗೆ! ಕುದ್ದ ನೀರು ತಾನಾಗಿ ಆರ್ಬೇಕು. ಹಸಿ ನೀರು ಬೆರೆಸಿದ್ರೆ ಕುದಿಸಿದ್ದೇನು ಬಂತು?"

ಪರಮಶಿವಪ್ಪನವರಿಗೆ ಆಗ ಹೊಳೆಯಿತು. ಮುಖ ಬಿಳಿಚಿತು. "ಅಯ್ಯೋ ಶಿವನೇ... ಕೂಸಿಗೆ ಏನಾದ್ರೂ ಆಗ್ತದೇನೇ?"

ಅಜ್ಜನ ಕಣ್ಣಲ್ಲಿ ನೀರು ಕಂಡು ಶರಣ್ಯಳೇ ಹತ್ತಿರ ಬಂದಳು. "ನಾನು ಕುಡಿದೇ ಇಲ್ಲ ಅಜ್ಜಾ. ನೀ ಕೊಡೋದು ಬೆಚ್ಚಗೆ, ವಾಕರಿಕೆ ಬರ್ತದೆ. ದಾಸವಾಳದ ಬುಡಕ್ಕೆ ಹಾಕ್ತಿದ್ದೆ. ಕುಡಿಯೋದು ಅಜ್ಜಿ ಕೊಡೋ ನೀರು."

"ನೀವು ಹೊಲಕ್ಕೆ ಹೋದ ಮ್ಯಾಲೆ ನಾನೇ ಬ್ಯಾರೆ ಕುದಿಸಿ, ಆರಿಸಿ, ಮುಚ್ಚಿ ಇಡ್ತಿದ್ದೆ ರೀ," ಎಂದರು ಮಹಾದೇವಮ್ಮ. "ನಿಮ್ ಹದ ನಂಗೊತ್ತಿಲ್ವಾ?"

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಯಾವತ್ತು ಕೇಳಿದೀರಿ?"

ಸುಮಾಳಿಗೆ ನಗು ತಡೆಯಲಾಗಲಿಲ್ಲ. "ಮಗು ಇಲ್ಲೇ ಇರ್ಲಿ ಅಮ್ಮ. ನೀ ಇದ್ರೆ ನಂಗೆ ಚಿಂತೆ ಇಲ್ಲ."

ಪರಮಶಿವಪ್ಪನವರ ಮುಖ ಅರಳಿತು. ಅರಳಿ ಇನ್ನೂ ಪೂರ್ತಿಯಾಗಿರಲಿಲ್ಲ.

"ಅಪ್ಪಾಜಿ, ನೀವು ನಾಕು ಬಟ್ಟೆ ಚೀಲಕ್ಕೆ ತುಂಬ್ಕೊಳ್ರಿ. ನನ್ ಜೊತೆ ಬರ್ರಿ."

"ನಾನಾ? ನಾನ್ಯಾಕೆ?"

"ನೀವಿದ್ರೆ ನಾಳೆ ಇನ್ನೇನೋ ಹದ ಮಾಡ್ತೀರಿ."

ಸಂಜೆ ಶಿಕಾರಿಪುರದ ಬಸ್ಸಿನ ಕಿಟಕಿಯಲ್ಲಿ ಚೀಲ ಅಪ್ಪಿಕೊಂಡು ಕುಳಿತ ಅಜ್ಜನಿಗೆ, ಅಜ್ಜಿಯ ಕೈ ಹಿಡಿದು ಕೆಳಗೆ ನಿಂತ ಮೊಮ್ಮಗಳು ಕೂಗಿ ಸಮಾಧಾನ ಹೇಳಿದಳು:

"ಅಳಬ್ಯಾಡ ಅಜ್ಜಾ! ನನ್ ರಜೆ ಮುಗಿದ ಕೂಡ್ಲೇ ಅಮ್ಮ ನಿನ್ನ ತಂದು ಬಿಡ್ತಾಳೆ!"