ಮಹಾರಥಿಗಳ ಟೇಪು

ಬೆಳಿಗ್ಗೆ ಹತ್ತೂವರೆಗೆ ಸುರುಳಿಯಪ್ಪ ಧ್ವನಿಮುದ್ರಣ ಸ್ಟುಡಿಯೋದ ಉಗ್ರಾಣದಲ್ಲಿದ್ದ ಹಳೆಯ ಯಂತ್ರಕ್ಕೆ ಟೇಪು ಏರಿಸಿ ಗುಂಡಿ ಒತ್ತಿದ. ಮಹಾರಥಿಗಳ ಗಿಟಾರು, ಡ್ರಮ್ಮು ಕೇಳಿಸಬೇಕಾಗಿದ್ದ ಜಾಗದಲ್ಲಿ ಅವನ ಭಾವಮೈದುನನ ಧ್ವನಿ ಮೊಳಗಿತು.

“ಬನ್ನಿ, ಕೂತು ನೋಡಿ! ಮಲಗಿ ನೋಡಿ! ಮಂಚ, ಕುರ್ಚಿ, ಸೋಫಾ! ಇಷ್ಟವಾಗದಿದ್ದರೆ ಎದ್ದು ಹೋಗಿ!”

ಆಮೇಲೆ ಬರೀ ಸದ್ದಿಲ್ಲದ ಟೇಪು. ಸುರುಳಿಯಪ್ಪ ಅದನ್ನು ಮುಂದಕ್ಕೆ ಓಡಿಸಿದ. ಏನೂ ಇಲ್ಲ. ಇನ್ನೂ ಮುಂದಕ್ಕೆ ಓಡಿಸಿದ. ಕೊನೆಯ ತನಕ ಏನೂ ಇಲ್ಲ. ಡಬ್ಬಿಯ ಮೇಲೆ ಮಾತ್ರ ಕೆಂಪು ಶಾಯಿಯಲ್ಲಿ, ಅವನದೇ ದುಂಡು ಅಕ್ಷರದಲ್ಲಿ, ‘ಮಹಾರಥಿಗಳು. ಅಳಿಸಕೂಡದು’ ಎಂದು ಬರೆದಿತ್ತು.

ತಪ್ಪು ಹೇಗಾಯಿತೆಂದು ತಿಳಿಯಲು ಅವನಿಗೆ ಅರೆನಿಮಿಷವೂ ಬೇಕಾಗಲಿಲ್ಲ. ಆ ಸ್ಟುಡಿಯೋದಲ್ಲಿ ಹೆಸರು ಬರೆಯುತ್ತಿದ್ದದ್ದು ಡಬ್ಬಿಯ ಮೇಲೆ, ಸುರುಳಿಯ ಮೇಲಲ್ಲ. ಹೋದ ತಿಂಗಳು ತೇವಕ್ಕೆ ಕೊಳೆತ ಡಬ್ಬಿಗಳನ್ನೆಲ್ಲ ಅವನು ಬದಲಿಸಿದ್ದ. ಅಂಟು ಒಣಗುವ ತನಕ ಸುರುಳಿಗಳು ತಮ್ಮ ತಮ್ಮ ಡಬ್ಬಿಯ ಪಕ್ಕದಲ್ಲಿ ಮೇಜಿನ ಮೇಲೆ ಬತ್ತಲೆ ಬಿದ್ದಿದ್ದವು. ಅದೇ ದಿನ ಭಾವಮೈದುನ ಬಂದು, “ನನ್ನ ಅಂಗಡಿಗೊಂದು ಪ್ರಚಾರ ರೆಕಾರ್ಡ್ ಮಾಡಿಕೊಡಿ ಭಾವ, ಐದು ನಿಮಿಷದ ಕೆಲಸ” ಎಂದು ಹಠ ಹಿಡಿದಿದ್ದ. ಕೈಗೆ ಸಿಕ್ಕ ಸುರುಳಿಯನ್ನು ಸುರುಳಿಯಪ್ಪ ಯಂತ್ರಕ್ಕೆ ಹಾಕಿದ್ದ. ಕೆಲಸ ಮುಗಿದ ಮೇಲೆ ಇಬ್ಬರೂ ಯಂತ್ರ ನಿಲ್ಲಿಸದೆ ಊಟಕ್ಕೆ ಹೋಗಿದ್ದರು. ಅವರು ಕೈ ತೊಳೆಯುವಷ್ಟರಲ್ಲಿ ಇಡೀ ಟೇಪು ತೊಳೆದುಹೋಗಿತ್ತು.

ಅದು ಸಾಮಾನ್ಯ ಟೇಪಲ್ಲ. ಮೂವತ್ತು ವರ್ಷದ ಹಿಂದೆ ನಾಲ್ಕು ದೊಡ್ಡ ರಾಕ್ ತಂಡಗಳ ನಾಲ್ವರು ನಾಯಕರು ತಮ್ಮ ತಮ್ಮ ತಂಡಗಳನ್ನು ಬಿಟ್ಟು ಒಂದೇ ತಂಡವಾಗಿದ್ದರು. ಪತ್ರಿಕೆಗಳು ಅವರನ್ನು ಮಹಾರಥಿಗಳು ಎಂದು ಕರೆದವು. ಇದೇ ಸ್ಟುಡಿಯೋದ ಬಾಗಿಲು ಹಾಕಿಕೊಂಡು ಒಂಬತ್ತು ದಿನ ಒಳಗಿದ್ದರು. ಹತ್ತನೆಯ ದಿನ ನಾಲ್ಕು ಬೇರೆ ಬೇರೆ ಕಾರು ಹತ್ತಿ ಹೊರಟುಹೋದರು. ತಂಡವೂ ಮುಗಿಯಿತು, ಆಲ್ಬಮ್ಮೂ ಬರಲಿಲ್ಲ. ನಾಲ್ವರೂ ಸಹಿ ಹಾಕದೆ ಟೇಪನ್ನು ಯಾರೂ ಕೇಳಕೂಡದೆಂದು ಕರಾರಾಗಿತ್ತು. ಕೇಳಿದವರಿಗೆಲ್ಲ ಆ ನಾಲ್ವರೂ ಒಂದೇ ಮಾತು ಹೇಳುತ್ತಿದ್ದರು: “ಹತ್ತು ಹಾಡು. ಅಂಥ ಸಂಗೀತ ಮತ್ತೆ ಹುಟ್ಟೋದಿಲ್ಲ.”

ಈಗ, ಹೇಗೋ ಏನೋ, ನಾಲ್ವರ ಸಹಿಯೂ ಬಂದಿತ್ತು. ಸಂಜೆ ನಾಲ್ಕಕ್ಕೆ ಅವರೇ ಬಂದು ಕೂತು ಕೇಳುವವರಿದ್ದರು.

ಹತ್ತೊಂಬತ್ತು ವರ್ಷ ಸುರುಳಿಯಪ್ಪ ಈ ಕಿಟಕಿಯಿಲ್ಲದ ಕೋಣೆಯಲ್ಲಿ ಟೇಪುಗಳ ಧೂಳು ಒರೆಸಿಕೊಂಡು ಬದುಕಿದವನು. ಟೇಪುಗಳೇ ಇಲ್ಲದ ಈ ಕಾಲದಲ್ಲಿ, ಇಲ್ಲಿಂದ ಹೊರಬಿದ್ದರೆ ಇನ್ನೆಲ್ಲೂ ಅವನಿಗೆ ಕೆಲಸವಿರಲಿಲ್ಲ.

ನಿಜ ಹೇಳಿಬಿಡೋಣವೆಂದು ಮಾಲೀಕರಿಗೆ ಫೋನು ಮಾಡಿದ. “ಸಾರ್, ಆ ಟೇಪು...” ಎನ್ನುವಷ್ಟರಲ್ಲಿ ಅವರೇ ಶುರುಮಾಡಿದರು. “ಜೋಪಾನ ಕಣಯ್ಯಾ! ಅದಕ್ಕೊಂದು ಗೀರು ಬಿದ್ರೂ ನೀನು ಮನೆಗೆ. ಏನೋ ಹೇಳೋಕೆ ಬಂದ್ಯಲ್ಲ?”

“ಒರೆಸಿ ಇಟ್ಟಿದ್ದೀನಿ ಸಾರ್.”

ಅದು ಸುಳ್ಳೂ ಆಗಿರಲಿಲ್ಲ.

ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ರಿಸೆಪ್ಷನ್ ಅಕ್ಕ ನಿಂತಿದ್ದಳು. “ಏನೋ ಇದು, ಮುಖ ಸುಣ್ಣ ಬಳಿದಂಗಾಗಿದೆ?” ಅವಳ ದನಿ ಎಷ್ಟು ಗಡುಸೆಂದರೆ ಫೋನಿನಲ್ಲಿ ಎಲ್ಲರೂ ಅವಳನ್ನು ‘ಸಾರ್’ ಎನ್ನುತ್ತಿದ್ದರು. ಸುರುಳಿಯಪ್ಪ ಎಲ್ಲ ಹೇಳಿ, “ಯಾರಿಗೂ ಹೇಳ್ಬೇಡ ಅಕ್ಕ” ಎಂದು ಕೈಮುಗಿದ. ಅವಳು ಆಣೆ ಮಾಡಿ ಹೋದಳು. ಐದು ನಿಮಿಷದಲ್ಲಿ ಎಲೆಕ್ಟ್ರಿಷಿಯನ್ನನ್ನೂ ವಾಚ್‌ಮನ್ ತಾತನನ್ನೂ ಕರಕೊಂಡು ಬಂದಳು.

“ಇವರು ಹೊರಗಿನವರಲ್ಲ” ಎಂದಳು.

“ಕಳ್ಳ ಬಂದು ಹೊತ್ಕೊಂಡೋದ ಅಂತ ಹೇಳೋಣ” ಎಂದ ತಾತ.

“ಆಗ ವಾಚ್‌ಮನ್ ಏನ್ ಮಾಡ್ತಿದ್ದ ಅಂತ ಕೇಳ್ತಾರೆ, ತಾತ” ಎಂದಳು ಅಕ್ಕ.

“ಹೌದಲ್ಲ. ಬೇಡ ಬಿಡು. ಕರೆಂಟ್ ಶಾರ್ಟ್ ಆಗಿ ಸುಟ್ಟೋಯ್ತು ಅನ್ನು.”

“ನನ್ನ ಕುತ್ತಿಗೆಗೆ ತರ್ತೀಯಾ?” ಎಲೆಕ್ಟ್ರಿಷಿಯನ್ ಸಿಡುಕಿದ. ಆಮೇಲೆ ತಲೆ ಕೆರೆದುಕೊಂಡು ಕೇಳಿದ, “ಅಲ್ಲ, ಆ ಟೇಪನ್ನ ಈವರೆಗೆ ಯಾರಾದ್ರೂ ಕೇಳಿದಾರಾ?”

“ಇಲ್ಲ” ಎಂದ ಸುರುಳಿಯಪ್ಪ.

“ನುಡಿಸಿದೋರಿಗಾದ್ರೂ ಮೂವತ್ತು ವರ್ಷದ ಹಿಂದಿಂದು ನೆನಪಿರುತ್ತಾ? ನನಗೆ ನಿನ್ನೆ ಯಾವ ಫ್ಯೂಸ್ ಹಾಕಿದೆ ಅನ್ನೋದೇ ನೆನಪಿಲ್ಲ. ನಾನು ಗಿಟಾರ್ ಬಾರಿಸ್ತೀನಿ. ತಾತ ಸೈನ್ಯದಲ್ಲಿ ಡ್ರಮ್ ಹೊಡೀತಿದ್ದ. ಅಕ್ಕ ಹಾಡ್ತಾಳೆ.”

“ನಾನಾ? ನನಗೆ ಯಾವ ಹಾಡೂ ಬರಲ್ಲ ಕಣೋ!”

“ಬಾಯಿಗೆ ಬಂದಿದ್ದು ಹಾಡು. ರಾಕ್ ಅಂದ್ರೆ ಅದೇ.”

ಸುರುಳಿಯಪ್ಪ ಬೇಡವೆನ್ನಬೇಕಿತ್ತು. ಬೇಡವೆನ್ನುವ ಧೈರ್ಯ ಅವನಿಗೆ ಯಾವತ್ತೂ ಇರಲಿಲ್ಲ. ಮಾಲೀಕರು ಅತಿಥಿಗಳನ್ನು ಕರೆತರಲು ಹೋಗಿದ್ದ ಹೊತ್ತಿನಲ್ಲಿ, ಮುಚ್ಚಿದ ಧ್ವನಿಮುದ್ರಣ ಕೋಣೆಯಲ್ಲಿ, ಭಾವಮೈದುನನ ಮಂಚ ಕುರ್ಚಿಗಳ ಮೇಲೆಯೇ ಹೊಸ ಸಂಗೀತ ಏರತೊಡಗಿತು. ಗಿಟಾರಿನ ಒಂದು ತಂತಿ ಮೊದಲ ನಿಮಿಷದಲ್ಲೇ ಕಿತ್ತುಹೋಯಿತು. ತಾತ ಶತ್ರುವಿನ ಕೋಟೆಗೆ ನುಗ್ಗುವವನಂತೆ ಬಾರಿಸಿದ. ಅಕ್ಕ ಕಣ್ಣು ಮುಚ್ಚಿ, ಇಪ್ಪತ್ತು ವರ್ಷದಿಂದ ಬಾಯಿಪಾಠವಾಗಿದ್ದ ಒಂದೇ ಸಾಹಿತ್ಯವನ್ನು ಎದೆಯಾಳದಿಂದ ಎಳೆದಳು.

“ಲೈನಿನಲ್ಲಿರಿ... ಲೈನಿನಲ್ಲಿರಿ... ಅವರು ಈಗ ಇಲ್ಲಿಲ್ಲ... ಯಾವಾಗ ಬರುವರೋ ತಿಳಿದಿಲ್ಲ...”

ನಾಲ್ಕು ನಿಮಿಷದ ಒಂದು ಹಾಡಾಗುವಷ್ಟರಲ್ಲಿ ತಾತನ ತೋಳು ಹಿಡಿದುಕೊಂಡಿತು. ಬೇಸ್ ಗಿಟಾರ್ ನುಡಿಸಲು ಯಾರೂ ಇರಲಿಲ್ಲ. ಸುರುಳಿಯಪ್ಪ ಬೆವರು ಒರೆಸಿಕೊಂಡು ಟೇಪನ್ನು ಹಿಂದಕ್ಕೆ ಸುತ್ತಿದ.

ಸರಿಯಾಗಿ ನಾಲ್ಕಕ್ಕೆ ಮಹಾರಥಿಗಳು ಬಂದರು. ಹಾಡುಗಾರರಿಗೆ ತಲೆ ಪೂರ್ತಿ ಬೋಳಾಗಿತ್ತು. ಗಿಟಾರಿನವರು ಕೋಲೂರಿಕೊಂಡಿದ್ದರು. ಬೇಸಿನವರು ಕಿವಿಗೆ ಯಂತ್ರ ಹಾಕಿದ್ದರು. ಡ್ರಮ್ಮಿನವರ ಕೈ ತಾನಾಗಿಯೇ ನಡುಗುತ್ತಿತ್ತು. ನಾಲ್ವರೂ ಕೋಣೆಯ ನಾಲ್ಕು ಮೂಲೆ ಹಿಡಿದು ಕೂತರು. ದಂತವೈದ್ಯರ ಕೋಣೆಯ ಹೊರಗೆ ಸರದಿಗೆ ಕಾಯುವವರ ಮುಖವಿತ್ತು ಅವರದು. ಅವರೇಕೆ ಹೆದರಬೇಕೆಂದು ಸುರುಳಿಯಪ್ಪನಿಗೆ ಹೊಳೆಯಲಿಲ್ಲ. ಅವನ ಹೆದರಿಕೆಯೇ ಅವನಿಗೆ ಸಾಕಷ್ಟಿತ್ತು.

“ಶುರು ಮಾಡಯ್ಯಾ” ಎಂದರು ಮಾಲೀಕರು.

ಗುಂಡಿ ಒತ್ತಿ ಸುರುಳಿಯಪ್ಪ ಕಣ್ಣು ಮುಚ್ಚಿಕೊಂಡ. ಮೊದಲ ಡ್ರಮ್ಮಿನ ಏಟಿಗೆ ನಾಲ್ವರೂ ಬೆಚ್ಚಿಬಿದ್ದು ಒಬ್ಬರನ್ನೊಬ್ಬರು ನೋಡಿದರು. ಹಾಡು ಮುಗಿಯಿತು. ಆಮೇಲಿನ ಮೌನ ಎಷ್ಟು ಉದ್ದವಿತ್ತೆಂದರೆ ಸುರುಳಿಯಪ್ಪ ಅದರೊಳಗೆ ತನ್ನ ರಾಜೀನಾಮೆ ಪತ್ರವನ್ನು ಎರಡು ಸಲ ಬರೆದು ಮುಗಿಸಿದ.

ಗಿಟಾರಿನವರು ಕೋಲನ್ನು ಮೆಲ್ಲಗೆ ನೆಲಕ್ಕೆ ಕುಟ್ಟಿದರು. “ಆ ತಂತಿ ಕಿತ್ತ ಸದ್ದು ಕೇಳಿದ್ರಾ? ಬೇಕಂತಲೇ ಕಿತ್ತಿದ್ದು.”

“ಆ ಸಾಹಿತ್ಯ ಬರೆಯೋವಾಗ ನಾನು ಬಹಳ ದುಃಖದಲ್ಲಿದ್ದೆ” ಎಂದರು ಹಾಡುಗಾರರು. “ನನ್ನ ದನಿ ಆಗ ಹೇಗಿತ್ತು ನೋಡಿ. ಗಂಡು ದನಿ!”

“ಬೇಸ್ ಕೇಳಿಸಲಿಲ್ಲವಲ್ಲ?” ಎಂದರು ಮಾಲೀಕರು.

“ಎಲ್ಲಿ ನುಡಿಸಬಾರದು ಅಂತ ಗೊತ್ತಿರೋನೇ ಕಲಾವಿದ” ಎಂದು ಬೇಸಿನವರು ಕಿವಿಯ ಯಂತ್ರ ಸರಿಮಾಡಿಕೊಂಡರು.

ಮಾಲೀಕರ ಕಣ್ಣಲ್ಲಿ ನೀರು ಬಂತು. “ಇವತ್ತಿಗೆ ಇಷ್ಟು ಸಾಕು, ನನ್ನ ಎದೆ ತಡೆಯಲ್ಲ. ಉಳಿದ ಒಂಬತ್ತು ಹಾಡನ್ನ ನಾಳೆ ಹತ್ತು ಗಂಟೆಗೆ ಪತ್ರಿಕೆಯವರ ಎದುರಿಗೇ ಹಾಕೋಣ. ತಯಾರಾಗಿರಯ್ಯಾ!”

ಸುರುಳಿಯಪ್ಪ ಗೋಡೆ ಹಿಡಿದುಕೊಂಡು ಹೊರಗೆ ಬಂದ. ಒಂಬತ್ತು ಹಾಡು! ಹಿಂದೆಯೇ ಡ್ರಮ್ಮಿನವರು ಬಂದು ಅವನ ತೋಳು ಹಿಡಿದು ನೀರಿನ ಫಿಲ್ಟರಿನ ಮರೆಗೆ ಎಳೆದರು.

“ನಿಜ ಹೇಳಪ್ಪಾ. ಎಲ್ಲಿಂದ ತಂದೆ ಇದನ್ನ?”

ಸುರುಳಿಯಪ್ಪ ಕೈಮುಗಿದ. “ತಪ್ಪಾಯ್ತು ಸಾರ್. ನಿಮ್ಮ ಸಂಗೀತ ಎಲ್ಲಾ ನನ್ನ ಕೈಯಿಂದ ಅಳಿಸಿಹೋಯ್ತು...”

“ಏನನ್ನ ಅಳಿಸಿದೆ? ಅದರಲ್ಲಿ ಏನಿತ್ತು ಅಳಿಸೋಕೆ?”

“ಸಾರ್?”

“ಒಂದು ಎರಡು ಮೂರು ನಾಲ್ಕು ಅಂತ ಎಣಿಸಿ ಹಾಡು ಶುರು ಮಾಡಿಸೋನು ತಂಡದ ನಾಯಕ. ನಾವು ನಾಲ್ವರೂ ನಾಯಕರೇ. ನಾನು ಎಣಿಸಿದ್ರೆ ಅವನು ಗಿಟಾರ್ ಮುಟ್ತಿರಲಿಲ್ಲ. ಅವನು ಎಣಿಸಿದ್ರೆ ಇವನು ಬಾಯಿ ಬಿಡ್ತಿರಲಿಲ್ಲ. ಒಂಬತ್ತು ದಿನ ಅದೇ ಟೇಪು ಮತ್ತೆ ಮತ್ತೆ ತಿರುಗ್ತಾ ಇತ್ತು, ನಾವು ಕೂತಿದ್ವಿ. ಅಷ್ಟೇ.”

“ಮತ್ತೆ ಸಹಿ ಯಾಕೆ ಹಾಕಿದ್ರಿ?”

“ಉಳಿದ ಮೂವರು ಹಾಕಲ್ಲ ಅಂತ ನಾನು ಹಾಕಿದೆ. ಅವರೂ ಹಾಗೇ ಅಂದ್ಕೊಂಡಿರಬೇಕು.” ಅವರ ನಡುಗುವ ಕೈ ಸುರುಳಿಯಪ್ಪನ ಭುಜ ತಟ್ಟಿತು. “ಮರ್ಯಾದೆ ಉಳಿಸಿದೆ ಕಣಪ್ಪಾ. ನಾಳೆಯ ಹಾಡುಗಳಲ್ಲಿ ಡ್ರಮ್ಮು ಸ್ವಲ್ಪ ಜಾಸ್ತಿ ಇರಲಿ.”

ಅವರು ಹೋದ ಮೇಲೂ ಸುರುಳಿಯಪ್ಪ ಅಲ್ಲೇ ನಿಂತಿದ್ದ. ಬೆಳಿಗ್ಗೆ ತಾನು ಏನೂ ತಪ್ಪು ಮಾಡಿರಲಿಲ್ಲ. ಅಳಿಸಿದ್ದು ನಾಲ್ವರ ಒಂಬತ್ತು ದಿನದ ಮೌನವನ್ನು, ಅದೂ ಅಳಿಸಿದರೂ ಅಳಿಸದಿದ್ದರೂ ಒಂದೇ ರೀತಿ ಇರುವಂಥದ್ದು. ಒಪ್ಪಿಕೊಂಡಿದ್ದರೆ ಆ ನಾಲ್ವರೇ ಅವನನ್ನು ತಬ್ಬಿಕೊಂಡು ಕಾಪಾಡುತ್ತಿದ್ದರು. ಬೆಳಿಗ್ಗೆ ನಿರಪರಾಧಿಯಾಗಿದ್ದವನು ಸಂಜೆಯ ಹೊತ್ತಿಗೆ ಹೆದರಿ ಹೆದರಿ ಅಪರಾಧಿಯಾಗಿದ್ದ. ಇನ್ನೀಗ ನಿಜ ಹೇಳಲು ನಾಲ್ವರದೂ ಮಾಲೀಕರದೂ ಸೇರಿ ಐದು ಜನರ ಮರ್ಯಾದೆ ಅಡ್ಡ ನಿಂತಿತ್ತು.

ಅವನು ಓಡಿಹೋಗಿ ಮೂವರನ್ನೂ ಧ್ವನಿಮುದ್ರಣ ಕೋಣೆಗೆ ಕರೆದ. ಕರೆಯುವ ಅಗತ್ಯವಿರಲಿಲ್ಲ, ಅವರು ಆಗಲೇ ಬಂದು ಕೂತಿದ್ದರು. ಬಾಗಿಲಿಗೆ ಕಿವಿಯಿಟ್ಟು ಹೊಗಳಿಕೆಯನ್ನೆಲ್ಲ ಕೇಳಿಸಿಕೊಂಡಿದ್ದರು. ಅಕ್ಕ ಒಳಗೂ ಕಪ್ಪು ಕನ್ನಡಕ ಹಾಕಿದ್ದಳು. ಎಲೆಕ್ಟ್ರಿಷಿಯನ್ ಅಂಗಿಯ ಮೂರು ಗುಂಡಿ ಬಿಚ್ಚಿದ್ದ. ತಾತ ಟೋಪಿಯನ್ನು ಹಿಂದುಮುಂದಾಗಿ ತಿರುಗಿಸಿಕೊಂಡಿದ್ದ.

“ಒಂಬತ್ತು ಹಾಡು ಬೇಕು. ಬೇಗ ಶುರು ಮಾಡಿ” ಎಂದ ಸುರುಳಿಯಪ್ಪ. ಈಗಷ್ಟೇ ಕಲಿತ ವಿದ್ಯೆಯಲ್ಲವೇ, ಬಾಯಿ ತಡೆಯದೆ ಕೇಳಿಬಿಟ್ಟ. “ಒಂದು ಎರಡು ಮೂರು ನಾಲ್ಕು ಅಂತ ಯಾರು ಎಣಿಸ್ತೀರಿ?”

“ನಾನು” ಎಂದರು ಮೂವರೂ.

“ಹಾಡೋಳು ನಾನಲ್ವೇನೋ?” ಎಂದಳು ಅಕ್ಕ.

“ಮಧ್ಯಾಹ್ನ ಶುರು ಮಾಡಿದ್ದು ಯಾರು, ನಾನು” ಎಂದ ಎಲೆಕ್ಟ್ರಿಷಿಯನ್.

“ಎಣಿಸೋದು ಡ್ರಮ್ಮಿನೋನ ಹಕ್ಕು” ಎಂದು ತಾತ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೈಕಟ್ಟಿ ಕೂತ.

“ಯಾರಾದ್ರೂ ಎಣಿಸ್ರಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ!” ಸುರುಳಿಯಪ್ಪ ಗುಂಡಿ ಒತ್ತಿದ. ಕೆಂಪು ದೀಪ ಹತ್ತಿಕೊಂಡಿತು. ಟೇಪು ತಿರುಗತೊಡಗಿತು.

ಅಕ್ಕ ಚಾವಣಿ ನೋಡಿದಳು. ಎಲೆಕ್ಟ್ರಿಷಿಯನ್ ಉಗುರು ನೋಡಿಕೊಂಡ. ತಾತ ಕಣ್ಣು ಮುಚ್ಚಿದ. ಟೇಪು ತಿರುಗುತ್ತಲೇ ಇತ್ತು.