ಮಾವನ ಕಾರಿನ ನೀಲಿ ಹೊಗೆ

ಸ್ವಂತ ಕಾರಿಲ್ಲದವನಿಗೆ ಕಾರಿನ ತಾಪತ್ರಯ ಇರುವುದಿಲ್ಲ ಎಂದು ನಂಬಿದ್ದೆ. ರಾಮಸಮುದ್ರದ ನಮ್ಮ ಮಾವ ತಿಂಗಳ ಮಟ್ಟಿಗೆ ಹೈದರಾಬಾದಿಗೆ, ಹಿರಿಮಗಳ ಮನೆಗೆ ಹೊರಟಾಗ ಹಳೇ ಕಾರಿನ ಕೀಲಿಕೈ ನನ್ನ ಕೈಗಿಟ್ಟರು. "ಅಳಿಯಂದ್ರ, ಹ್ಯಾಂಗ ಕೊಟ್ಟೀನಿ ಹಂಗ ತಿರುಗಿ ಕೊಡ್ರಿ." ಮದುವೆಯಲ್ಲಿ ಮಗಳನ್ನು ಒಪ್ಪಿಸುವಾಗ ಇಷ್ಟು ಹೇಳಿರಲಿಲ್ಲ. ಆಮೇಲೆ ಒಂದರ ಹಿಂದೊಂದು ತಾಪತ್ರಯ ಬರುತ್ತಲೇ ಹೋದವು.

ಹೊಗೆ

ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದೆ. ಹಿಂದಿನಿಂದ ನೀಲಿ ಹೊಗೆ ಭುಸ್ಸೆಂದು ಎದ್ದು ಓಣಿ ತುಂಬಿತು. ಏನೋ ಕೆಡಿಸಿದೆ ಎಂದುಕೊಂಡೆ. ಏನೆಂದು ಮಾತ್ರ ತಿಳಿಯಲಿಲ್ಲ. ಎದುರು ಮನೆಯವರು ಕಿಟಕಿ, ಬಾಗಿಲು ಎಲ್ಲ ತೆರೆದರು. ವಿಚಿತ್ರವೆನಿಸಿತು.

ಅದರ ಮರುದಿನ ರಜೆ. ಕಾರು ತೆಗೆಯಲಿಲ್ಲ. ಆ ಮನೆಯಾಕೆ ಬಂದು ಬಾಗಿಲು ಬಡಿದರು.

"ಯಾಕ್ರಿ ಸರ, ಇವತ್ತ ಸೊಳ್ಳಿ ಹೊಗಿ ಹೊಡೀಲಿಲ್ಲ?"

ಮೂರು ಊರು, ಮೂರು ರೋಗ

ಮನೆ ಯಾದಗಿರಿ, ಪಾಠ ಮಾಡುವ ಕಾಲೇಜು ಸುರಪುರ, ನಡುವೆ ಶಹಾಪುರ. ಮೂರೂ ಕಡೆ ತೋರಿಸಿದೆ. ಯಾದಗಿರಿಯ ಮಿಸ್ತ್ರಿ ಹೊಗೆ ಮೂಸಿ, "ಪೆಟ್ರೋಲ್ ಖರಾಬ್ ಐತ್ರಿ" ಎಂದ. ಶಹಾಪುರದವನು ಟೈರಿಗೊಮ್ಮೆ ಒದ್ದು, "ಪಿಸ್ಟನ್ ರಿಂಗ್ ಹೋಗ್ಯಾವ" ಎಂದ. ರಿಂಗಿಗೂ ಟೈರಿಗೂ ಏನು ಸಂಬಂಧ ಎಂದು ಕೇಳಿದೆ. "ಏನಿಲ್ರಿ, ಗಾಳಿ ನೋಡಿದೆ."

ಸುರಪುರದವನು ಎಂಜಿನ್ನಿನ ಮೇಲ್ಭಾಗವನ್ನೇ ಬಿಚ್ಚಿ ಹೊರಗಿಟ್ಟ. ಅದಕ್ಕೆ ಹೆಡ್ ಎನ್ನುತ್ತಾರಂತೆ.

"ವಾಲ್ವ್ ಗೈಡ್ ಸಡಲ ಆಗ್ಯಾವ್ರಿ. ಈ ನಳಿಗ್ಯಾಗ ವಾಲ್ವ್ ಮ್ಯಾಲ ಕೆಳಗ ಆಡಬೇಕು. ಇಲ್ಲಿ ನಳಿಗಿನೂ ಕೂಡೇ ಆಡಾಕತ್ತೈತಿ. ಆಯಿಲ್ ಒಳಗ ಇಳದು ಸುಡತೈತಿ."

"ಇದು ಮೊನ್ನೆ ನನ್ನಿಂದ ಆದದ್ದೇ?"

"ಹಳೇದ್ರಿ. ಯಾರೋ ಬಿಗಿ ಆಗ್ಲಿ ಅಂತ ಗೈಡಿಗೆ ಮೊಳಿ ಬಡದು ಕಚ್ಚು ಮಾಡಿ ಕೂಡ್ಸ್ಯಾರ. ಯಾವ ಬೇಕೂಫ ಕೈ ಹಾಕ್ಯಾನ್ರಿ ಇದಕ್ಕ?"

ಆ ಕಾರಿಗೆ ಮಾವನ ಹೊರತು ಯಾರೂ ಕೈ ಹಾಕಿದ್ದಿಲ್ಲ. ಸರಿಯಾಗಿ ಕೇಳಿಸಲಿಲ್ಲ ಎಂದು ಇನ್ನೊಮ್ಮೆ ಹೇಳಿಸಿದೆ.

ಭಟ್ಟಿ ಮತ್ತು ಐಸು

ರಿಪೇರಿ ಮಾಡಿಸಿ ಕೊಟ್ಟರೆ ಮಾವ ಜನ್ಮದಲ್ಲಿ ಒಮ್ಮೆ ಶಹಬ್ಬಾಸ್ ಅಂದಾರು ಎಂಬ ಆಸೆ. ಶಹಾಪುರದ ಲೇತ್ ಅಂಗಡಿಯಲ್ಲಿ ಹಳೆಯದಕ್ಕಿಂತ ಕೂದಲೆಳೆಯಷ್ಟು ದಪ್ಪನೆಯ ಗೈಡು ಮಾಡಿಸಿ ತಂದೆ. ದಪ್ಪನೆಯದು ಅದೇ ತೂತಿನಲ್ಲಿ ಹೇಗೆ ಹೋಗುತ್ತದೆ?

"ಹೆಡ್ ಕಾಸಿ ಹಿಗ್ಗಿಸಬೇಕ್ರಿ, ಗೈಡ್ ತಂಪ ಮಾಡಿ ಕುಗ್ಗಿಸಬೇಕು" ಎಂದ ಸುರಪುರದ ಮಿಸ್ತ್ರಿ.

ಹೆಡ್ಡು ಪಕ್ಕದ ಬೇಕರಿಯ ಭಟ್ಟಿಗೆ ಹೋಯಿತು. ಗೈಡುಗಳು ಎದುರಿನ ಕುಲ್ಫಿ ಗಾಡಿಯ ಐಸಿನಲ್ಲಿ ಮುಳುಗಿದವು. ಯಾರು ಯಾರನ್ನು ಮರುಳು ಮಾಡುತ್ತಿದ್ದಾರೆಂದು ನನಗೆ ಅರ್ಥವಾಗಲಿಲ್ಲ. ಬೇಕರಿಯವನದು ಒಂದೇ ಷರತ್ತು: "ಖಾರಿ ಬಿಸ್ಕೀಟ್ ತಗದ ಮ್ಯಾಲ ಇಡ್ರಿ."

ಹೆಡ್ಡು ಕಾದು ಹೊರಬಂತು. "ಗೈಡ್ ತರ್ರಿ, ಜಲ್ದಿ!" ಎಂದು ಮಿಸ್ತ್ರಿ ಕೂಗಿದ. ನೋಡಿದರೆ ಕುಲ್ಫಿ ಗಾಡಿಯೇ ಇಲ್ಲ. ಶಾಲೆಯ ಗಂಟೆ ಹೊಡೆದಿತ್ತು. ಕುಲ್ಫಿಯವನು ವ್ಯಾಪಾರಕ್ಕೆ ಶಾಲೆಯ ಗೇಟಿನ ಕಡೆ ಹೋಗಿದ್ದ. ಓಡಿದೆ. ನನ್ನ ವಿದ್ಯಾರ್ಥಿಗಳು ಚಹಾದಂಗಡಿಯಲ್ಲಿ ನಿಂತು ನೋಡಿದರು.

"ನಿಮ್ಮ ಮಾಲ್ ಜ್ವಾಕಿ ಅದಾವ್ರಿ ಸರ" ಎನ್ನುತ್ತ ಅವನು ಐಸಿನಲ್ಲಿ ಕೈಯಾಡಿಸಿದ. "ಒಬ್ಬ ಮಾಸ್ತರ್ ಹೊಸಾ ಐಟಮ್ಮೇನು ಅಂತ ಕೇಳಿದ್ರು. ಇನ್ನಾ ಗಟ್ಟಿ ಆಗಿಲ್ರಿ ಅಂದೇನಿ."

ಹ್ಯಾಂಗ ಕೊಟ್ಟೀನಿ ಹಂಗ

ಹೆಡ್ಡನ್ನು ಮತ್ತೆ ಕಾಸಿದ ಮೇಲೆ ಗೈಡು ಕೂತವು. ಹೊಗೆ ನಿಂತಿತು. ಮಾವ ಬಂದರು, ಸ್ಟಾರ್ಟ್ ಮಾಡಿದರು, ಇಳಿದು ಕಾರಿನ ಹಿಂದೆ ಹೋಗಿ ನಿಂತರು. ನಾನು ಶಹಬ್ಬಾಸಿಗೆ ಕಾದೆ.

"ಹೊಗಿ ಎಲ್ಲೈತ್ರಿ?"

"ನಿಂತೈತ್ರಿ ಮಾವಾರ."

"ಯಾಕ ನಿಂತಿತು? ನನ್ನ ಕೈಯಾಗ ಇದ್ದಾಗ ದಿನಾ ಬರತಿತ್ತು. ಹ್ಯಾಂಗ ಕೊಟ್ಟೀನಿ ಹಂಗ ಕೊಡ್ರಿ ಅಂದಿದ್ದೆ."

ಗೈಡಿನ ಕತೆ ಹೇಳಿದೆ. ಬೇಕರಿಯ ತನಕ ಹೆಂಡತಿ ನನ್ನ ಪಕ್ಷದಲ್ಲಿದ್ದಳು. ಕುಲ್ಫಿ ಬಂದಾಗ ಬಿಟ್ಟಳು. ಮಿಸ್ತ್ರಿಯೇ ಸಾಕ್ಷಿ ಹೇಳಲಿ ಎಂದು ಮಾವನನ್ನು ಅದೇ ಕಾರಿನಲ್ಲಿ ಸುರಪುರಕ್ಕೆ ಕರೆದುಕೊಂಡು ಹೋದೆ.

ನಾನು ಬಾಯಿ ತೆರೆಯುವ ಮೊದಲೇ ಮಿಸ್ತ್ರಿ ಬಾನೆಟ್ ಎತ್ತಿದ. ಯಾವ ಕಾರು ಬಂದರೂ ಅವನ ರೂಢಿ ಅದು. ಒಳಗೆ ಇಣುಕಿ ತಲೆಯಾಡಿಸಿದ.

"ಯಾವ ಬೇಕೂಫ ಕೈ ಹಾಕ್ಯಾನ್ರಿ ಇದಕ್ಕ?"

ಮಾವ ನನ್ನ ಕಡೆ ನೋಡಿದರು. ನಾನು ಮಿಸ್ತ್ರಿಯ ಕಡೆ ನೋಡಿದೆ. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಅವನು ಇನ್ನೊಮ್ಮೆ ಹೇಳಿದ.